ಹಳದಿ ಕೊರಳಿನ ಗುಬ್ಬಿ

ಪ್ಯಾಸರಿಡೇ ಕುಟುಂಬಕ್ಕೆ ಸೇರಿದ ಕಾಡು ಗುಬ್ಬಿ. ವೈಜ್ಞಾನಿಕ ಹೆಸರು ಜಿಮ್ನೋರಿಸ್ ಕ್ಸಾಂಥೋಕೊಲಿಸ್. ಆಗ್ನೇಯ ತುರ್ಕಿಯಿಂದ ಇರಾಕ್, ಇರಾನ್, ಪಾಕಿಸ್ತಾನಗಳನ್ನು ಹಾದು ಭಾರತದ ಬಹುಭಾಗದಲ್ಲಿ ಹರಡಿಕೊಂಡಿದೆ. ಎಲೆ ಉದುರಿಸುವ ಒಣ ಕಾಡು, ಕುರುಚಲು, ಬದುಗಳ ಮೇಲೆ ಮರ ಉಳಿಸಿಕೊಂಡಿರುವ ಹೊಲಗಳು ಇದರ ನೆಲೆ. ರಾಟವಾಳ, ಗೀಜಗಗಳನ್ನೂ ಹಳ್ಳಿಯಲ್ಲಿ ಗುಬ್ಬಿ ಎನ್ನುವುದುಂಟು. ಆದರೆ ಗುಬ್ಬಿಯ ಕುಟುಂಬಕ್ಕೆ ಸೇರಿದವುಗಳಲ್ಲಿ ಕರ್ನಾಟಕದಲ್ಲಿ ಸಾಮಾನ್ಯವಾಗಿ ಕಾಣಸಿಗುವವು ಎರಡೇ: ಮನೆಯ ಸೂರಿನಲ್ಲಿ ಸಂಸಾರ ಹೂಡುವ ಊರಗುಬ್ಬಿ ಮತ್ತು ಈ ಹಕ್ಕಿ. ಊರಗುಬ್ಬಿಯನ್ನು ಗುರುತಿಸದವರಿಲ್ಲ. ಇದನ್ನು ಮಾತ್ರ ಕಂಡವರೂ ಕಂಡೆವೆಂದು ಅರಿಯದೆ ಹೋಗುತ್ತಾರೆ.

ಅದಕ್ಕೆ ಅರ್ಧ ಕಾರಣ ಹೆಸರೇ. ಹೆಸರಿನಲ್ಲಿರುವ ಹಳದಿಯನ್ನು ಹುಡುಕಿ ಹೊರಟವರಿಗೆ ಹಕ್ಕಿ ಸಿಗುವುದು ಕಷ್ಟ. ಗಂಡಿನ ಗಂಟಲಿನ ಬುಡದಲ್ಲಿ, ಬಿಳಿಚು ಗದ್ದಕ್ಕೆ ತುಸು ಕೆಳಗೆ, ತಿಳಿಹಳದಿಯ ಚಿಕ್ಕದೊಂದು ಮಚ್ಚೆಯಿರುತ್ತದೆ, ಅಷ್ಟೆ. ಹಕ್ಕಿ ಕತ್ತು ಕುಗ್ಗಿಸಿ ಕೂತರೆ ಅದು ಗರಿಗಳೊಳಗೆ ಮುಚ್ಚಿಹೋಗುತ್ತದೆ. ನೆತ್ತಿಯ ಮೇಲಿನ ಬಿಸಿಲಲ್ಲಿ ನೆರಳಿಗೆ ಬೀಳುತ್ತದೆ. ಹೆಣ್ಣಿನಲ್ಲಿ ಇನ್ನೂ ಮಾಸಲು, ಎಷ್ಟೋ ಸಲ ಇಲ್ಲವೇ ಇಲ್ಲ. ಮರಿಗಳಲ್ಲಂತೂ ಇರುವುದಿಲ್ಲ. ಆದ್ದರಿಂದ ಕೊರಳನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಮೊದಲು ನೋಡಬೇಕಾದದ್ದು ಬೆನ್ನು. ಊರಗುಬ್ಬಿಯ ಬೆನ್ನಿನ ಮೇಲೆ ಕಪ್ಪು, ಕಂದು ಗೀರುಗಳಿರುತ್ತವೆ. ಇದರ ಬೆನ್ನು ಒಂದೇ ಬಣ್ಣದ ಬೂದುಗಂದು, ಗೀರಿನ ಸುಳಿವೂ ಇಲ್ಲ. ಎರಡನೆಯದು ರೆಕ್ಕೆ. ಮಡಚಿದ ರೆಕ್ಕೆಯ ಮೇಲೆ ಎರಡು ಬಿಳಿ ಪಟ್ಟಿಗಳಿದ್ದು, ಮೇಲಿನದು ಎದ್ದು ಕಾಣುತ್ತದೆ. ಅದರ ಮೇಲ್ಬದಿಗೆ, ಭುಜದ ಜಾಗದಲ್ಲಿ, ಗಂಡಿಗೆ ಕೆಂಗಂದು ಬಣ್ಣದ ತೇಪೆಯಿರುತ್ತದೆ. ಹೆಣ್ಣಿಗೆ ಇದೂ ಮಸುಕು. ಮೂರನೆಯದು ಕೊಕ್ಕು. ಕಾಳು ಒಡೆಯುವ ಊರಗುಬ್ಬಿಯ ಕೊಕ್ಕು ಮೊಂಡು, ಬುಡದಲ್ಲಿ ದಪ್ಪ. ಇದರದು ತೆಳ್ಳಗೆ, ನೀಳವಾಗಿ, ತುದಿಗೆ ಚೂಪಾಗಿರುತ್ತದೆ. ಮರಿ ಮಾಡುವ ಕಾಲದಲ್ಲಿ ಗಂಡಿನ ಕೊಕ್ಕು ಅಚ್ಚ ಕಪ್ಪಾಗುತ್ತದೆ. ಉಳಿದ ತಿಂಗಳುಗಳಲ್ಲಿ ತಿಳಿಗಂದು. ಊರಗುಬ್ಬಿಯ ಗಂಡಿಗಿರುವ ಕಪ್ಪು ಎದೆಪಟ್ಟಿಯಾಗಲಿ, ಹೆಣ್ಣಿನ ಕಣ್ಣ ಹಿಂದೆ ಎದ್ದು ಕಾಣುವ ಮಾಸಲು ಹುಬ್ಬಾಗಲಿ ಇದಕ್ಕಿಲ್ಲ. ಗಾತ್ರದಲ್ಲಿಯೂ ಊರಗುಬ್ಬಿಗಿಂತ ಒಂದು ಕೈ ಕಡಿಮೆ: ಉದ್ದ 12.5ರಿಂದ 14 ಸೆಂ.ಮೀ., ಮೈಕಟ್ಟು ಸಣ್ಣ.

ಒಂಟಿ ಹೆಣ್ಣು ಎದುರಾದಾಗ ನುರಿತವರೂ ತಡವರಿಸುವುದುಂಟು. ಗೀಜಗದ ಹೆಣ್ಣೆಂದು ಬಗೆಯುವುದೇ ಹೆಚ್ಚು. ಗೀಜಗದ ಬೆನ್ನಿಗೆ ದಟ್ಟ ಗೀರುಗಳಿವೆ, ಕೊಕ್ಕು ದಪ್ಪ, ಬಾಲ ಮೊಟಕು. ರೆಕ್ಕೆಯಲ್ಲಿ ಬಿಳಿ ಪಟ್ಟಿಯಿದೆಯೇ, ಬೆನ್ನು ನುಣುಪಾಗಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಕೊರಳಿನ ಹಳದಿ ಚೆನ್ನಾಗಿ ಕಾಣುವುದು ಹಕ್ಕಿ ಕೈಯಲ್ಲಿದ್ದಾಗ. ಭಾರತದ ಪಕ್ಷಿಶಾಸ್ತ್ರದ ಚರಿತ್ರೆಯಲ್ಲಿ ಈ ಮಚ್ಚೆಗೆ ಒಂದು ಸ್ಥಾನ ದಕ್ಕಿದ್ದು ಹಾಗೆಯೇ. 20ನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿಯ ಸಲೀಂ ಅಲಿ ಎಂಬ ಹುಡುಗ ಆಟದ ಏರ್‌ಗನ್ನಿನಿಂದ ಗುಬ್ಬಿಯೊಂದನ್ನು ಹೊಡೆದ. ಅದರ ಗಂಟಲಲ್ಲಿ ಹಳದಿ ಕಂಡು, ಇದನ್ನು ತಿನ್ನಬಹುದೋ ಇಲ್ಲವೋ ಎಂಬ ಅನುಮಾನ ಬಂತು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರಿಗೂ ಇದು ಯಾವ ಹಕ್ಕಿಯೆಂದು ತಿಳಿಯದೆ, ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಅವರ ಬಳಿಗೆ ಕಳುಹಿಸಿದರು. ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಸೊಸೈಟಿಯಲ್ಲಿ ತುಂಬಿಟ್ಟಿದ್ದ ಹಕ್ಕಿಗಳ ಸಂಗ್ರಹವನ್ನೂ ತೋರಿಸಿದರು. ಸಲೀಂ ಅಲಿ (1896–1987) ಮುಂದೆ ಹಿಡಿದ ದಾರಿ ಅಲ್ಲಿಂದ ಶುರುವಾಯಿತು. 1985ರಲ್ಲಿ ಪ್ರಕಟವಾದ ಅವರ ಆತ್ಮಕಥೆ ‘ದಿ ಫಾಲ್ ಆಫ್ ಎ ಸ್ಪ್ಯಾರೋ’ದ ಹೆಸರಿನಲ್ಲಿರುವ ಗುಬ್ಬಿ ಇದೇ. ಊರಗುಬ್ಬಿಯೆಂದು ತಿಳಿದವರೇ ಹೆಚ್ಚು. ಅದು ಊರಗುಬ್ಬಿಯಾಗಿದ್ದರೆ ಮಾವನ ತನಕ ಹೋಗುವ ಪ್ರಮೇಯವೇ ಇರುತ್ತಿರಲಿಲ್ಲ.

ತೆಳ್ಳನೆಯ ಕೊಕ್ಕು ಗುರುತಿಗಷ್ಟೇ ಅಲ್ಲ, ಹಕ್ಕಿಯ ಬದುಕು ಅರಿಯುವುದಕ್ಕೂ ಬೇಕು. ಹುಲ್ಲಿನ ಬೀಜ, ಕಾಳು, ಸಣ್ಣ ಹಣ್ಣು, ಹುಳುಹುಪ್ಪಟೆಗಳನ್ನು ಎಲ್ಲ ಗುಬ್ಬಿಗಳಂತೆ ಇದೂ ತಿನ್ನುತ್ತದೆ. ಆದರೆ ಹೂವಿನ ಮಕರಂದದ ಮೇಲೆ ಇದಕ್ಕಿರುವ ಒಲವು ಊರಗುಬ್ಬಿಯಲ್ಲಿ ಕಾಣದು. ಬೇಸಿಗೆಯ ಹೊಸ್ತಿಲಲ್ಲಿ, ಎಲೆ ಕಳೆದುಕೊಂಡ ಮುತ್ತುಗ, ಬೂರುಗಗಳು ಮೈತುಂಬ ಹೂ ಬಿಟ್ಟಾಗ ಮೈನಾ, ಕಾಜಾಣ, ಸೂರಕ್ಕಿಗಳ ಸಂತೆಯಲ್ಲಿ ಇದೂ ಸೇರಿಕೊಳ್ಳುತ್ತದೆ. ಹಿಪ್ಪೆಯ ಹೂವೂ ಇಷ್ಟ. ಮುತ್ತುಗದ ಗೊಂಚಲಿನ ಮೇಲೆ ಅಡ್ಡಡ್ಡ ಕೂತು, ಬಾಗಿದ ಎಸಳುಗಳ ನಡುವೆ ಕೊಕ್ಕನ್ನು ಬುಡದವರೆಗೆ ತೂರಿಸಿ, ತಲೆಯೆತ್ತಿ, ಪಕ್ಕದ ಹೂವಿಗೆ ಜಿಗಿಯುವುದನ್ನು ನೋಡಿದವರಿಗೆ ಇದು ಗುಬ್ಬಿ ಹೌದೋ ಅಲ್ಲವೋ ಎನಿಸಿದರೆ ಆಶ್ಚರ್ಯವಿಲ್ಲ. ಹೀಗೆ ಹೂವಿನಿಂದ ಹೂವಿಗೆ ಹೋಗುವಾಗ ಹಣೆಗೆ ಪರಾಗ ಮೆತ್ತಿಕೊಳ್ಳುತ್ತದೆ, ಮರಕ್ಕೆ ಪರಾಗಸ್ಪರ್ಶದ ಕೆಲಸವೂ ಆಗುತ್ತದೆ. ಕೊರಳಲ್ಲಿ ಇರಬೇಕಾದ ಹಳದಿ ಹಣೆಯ ಮೇಲೆ ಕಂಡರೆ ಹೊಸ ಜಾತಿಯ ಹಕ್ಕಿ ಸಿಕ್ಕಿತೆಂದು ಹಿಗ್ಗಬೇಕಾಗಿಲ್ಲ.

ನೆಲಕ್ಕಿಳಿದು ಮೇಯುವುದಿದೆಯಾದರೂ ಇದು ಮೂಲತಃ ಮರದ ಹಕ್ಕಿ. ಬೋಳು ಕೊಂಬೆಯ ತುದಿ, ವಿದ್ಯುತ್ ತಂತಿ ನೆಚ್ಚಿನ ಕೂರುತಾಣಗಳು. ಹಾರಾಟ ಏರಿಳಿತದ್ದು. ದನಿ ಊರಗುಬ್ಬಿಯದೇ ಧಾಟಿಯ ಚಿಲಿಪಿಲಿ, ಆದರೆ ಅಷ್ಟು ಒರಟಲ್ಲ. ಗಂಡು ಚಿಲ್ಪ್, ಚಲ್ಪ್, ಚೊಲ್ಪ್ ಎಂದು ಅದನ್ನೇ ಎಡೆಬಿಡದೆ ಹೇಳುತ್ತ ಕೂರುತ್ತದೆ. ಕಿವಿ ಪಳಗಿದವರು ಕಣ್ಣಿಗೆ ಬೀಳುವ ಮೊದಲೇ ದನಿಯಲ್ಲಿ ಹಿಡಿಯಬಲ್ಲರು.

ಗೂಡು ಕಟ್ಟುವ ಕಾಲ ಬಹುಮಟ್ಟಿಗೆ ಏಪ್ರಿಲ್‌ನಿಂದ ಜುಲೈ. ಮರದ ಪೊಟರೆಯಲ್ಲೇ ಗೂಡು. ಪೊಟರೆ ಕೊರೆಯುವ ಶಕ್ತಿ ಆ ಕೊಕ್ಕಿಗಿಲ್ಲ. ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟುಹೋದ ತೂತು, ಇಲ್ಲವೆ ಕೊಂಬೆ ಮುರಿದ ಜಾಗ ಕೊಳೆತು ಆದ ಟೊಳ್ಳು ಸಿಗಬೇಕು. ಕೆಲವೊಮ್ಮೆ ಗೋಡೆಯ ಸಂದಿಯೂ ಆಗುತ್ತದೆ. ಒಳಗೆ ಹುಲ್ಲು, ಕೂದಲು, ಪುಕ್ಕಗಳ ಮೆತ್ತೆ. ಮೊಟ್ಟೆ ಸಾಮಾನ್ಯವಾಗಿ 3ರಿಂದ 4, ಹಸಿರು ಛಾಯೆಯ ಬಿಳಿಯ ಮೇಲೆ ಕಂದು ಮಚ್ಚೆಗಳು ಒತ್ತೊತ್ತಾಗಿರುತ್ತವೆ. ಕಾವು ಕೂರುವುದು ಹೆಣ್ಣು. ಮರಿ ಮಾಡುವ ಕಾಲ ಮುಗಿದ ಮೇಲೆ ಗುಂಪು ಕಟ್ಟಿಕೊಂಡು ಕೊಯ್ಲಾದ ಹೊಲಗಳಲ್ಲಿ ಮೇಯುತ್ತವೆ, ರಾತ್ರಿ ಮರಗಳಲ್ಲಿ ಒಟ್ಟಾಗಿ ತಂಗುತ್ತವೆ.

ಇದರಲ್ಲಿ ಎರಡು ಉಪಜಾತಿಗಳಿವೆ. ಭಾರತದ ಬಹುಭಾಗದಲ್ಲಿರುವುದು ಕ್ಸಾಂಥೋಕೊಲಿಸ್. ಪಶ್ಚಿಮ ಏಷ್ಯಾದಿಂದ ಪಾಕಿಸ್ತಾನದ ಕಡೆಗೆ ಹಬ್ಬಿರುವ, ಬಣ್ಣ ಇನ್ನಷ್ಟು ತಿಳಿಯಾದದ್ದು ಟ್ರಾನ್ಸ್‌ಫ್ಯೂಗಾ. ಪಶ್ಚಿಮ ಏಷ್ಯಾದ ಹಕ್ಕಿಗಳು ಬೇಸಿಗೆಯಲ್ಲಿ ಅಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಭಾರತದತ್ತ ಬರುತ್ತವೆ. ದಕ್ಷಿಣದವು ವರ್ಷವಿಡೀ ಇಲ್ಲಿಯೇ ಇದ್ದು, ಹೂ ಮತ್ತು ಕಾಳಿನ ಬೆನ್ನುಹತ್ತಿ ಅಷ್ಟಿಷ್ಟು ಓಡಾಡುತ್ತವೆ. ಶ್ರೀಲಂಕಾದಲ್ಲಿ ಅಪರೂಪದ ಅತಿಥಿ.

1838ರಲ್ಲಿ ಬರ್ಟನ್ ಎಂಬಾತ ಈ ಜಾತಿಗೆ ಕ್ಸಾಂಥೋಕೊಲಿಸ್ ಎಂಬ ಹೆಸರು ಕೊಟ್ಟ; ಕುಲದ ಹೆಸರು ಮಾತ್ರ ಬದಲಾಗುತ್ತ ಬಂತು. ಪೆಟ್ರೋನಿಯಾ ಕುಲದಲ್ಲಿ ಬಹುಕಾಲ ಇದ್ದುದರಿಂದ ಹಳೆಯ ಕೈಪಿಡಿಗಳಲ್ಲಿ ಹಾಗೆಯೇ ಸಿಗುತ್ತದೆ. ಈಗ ಜಿಮ್ನೋರಿಸ್ ಕುಲದಲ್ಲಿದೆ. ಆ ಕುಲದ ಉಳಿದ ಮೂರು ಜಾತಿಗಳು ಆಫ್ರಿಕಾದವು. ಅವುಗಳಲ್ಲೊಂದನ್ನು ಇಂಗ್ಲಿಷಿನಲ್ಲಿ ಯೆಲ್ಲೋ ಥ್ರೋಟೆಡ್ ಪೆಟ್ರೋನಿಯಾ ಎಂದೇ ಕರೆಯುವುದರಿಂದ, ನಮ್ಮದನ್ನು ಭುಜದ ಬಣ್ಣ ಹಿಡಿದು ಚೆಸ್ಟ್‌ನಟ್ ಶೋಲ್ಡರ್ಡ್ ಪೆಟ್ರೋನಿಯಾ ಎನ್ನುವ ರೂಢಿಯೂ ಇದೆ. ಗುರುತಿಸುವವರ ದೃಷ್ಟಿಯಿಂದ ಇದೇ ವಾಸಿ. ಭಾರತದಲ್ಲಿ ಮಾತ್ರ ಕೊರಳಿನ ಹೆಸರು ಕೈಬಿಟ್ಟಿಲ್ಲ.

ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಇದು ಸದ್ಯಕ್ಕೆ ಆತಂಕವಿಲ್ಲದ ಜಾತಿ. ಪ್ರತಿವರ್ಷ ಮಾರ್ಚ್ 20ರ ವಿಶ್ವ ಗುಬ್ಬಿ ದಿನದಂದು ಮನೆಗಳ ಮುಂದೆ ತೂಗುಹಾಕುವ ಪೆಟ್ಟಿಗೆಗಳು ಊರಗುಬ್ಬಿಗಾಗಿ. ಈ ಹಕ್ಕಿಗೆ ಬೇಕಾದದ್ದು ಹೊಲದ ಬದುವಿನ ಮುದಿ ಮರ, ಅರ್ಧ ಒಣಗಿದ ಕೊಂಬೆ. ಸೌದೆಗೆಂದು ಮೊದಲು ಕೊಡಲಿ ಬೀಳುವುದೂ ಅವುಗಳಿಗೇ. ಕರ್ನಾಟಕದಲ್ಲಿ ಇದನ್ನು ನೋಡಬಯಸುವವರಿಗೆ ಬಂಡೀಪುರದಂಥ ಒಣ ಕಾಡಿನ ಅಂಚು, ಹೊಸಪೇಟೆ ಬಳಿಯ ದರೋಜಿಯ ಕುರುಚಲು, ಬಯಲುಸೀಮೆಯ ಮರವಿರುವ ಹೊಲಗಳು ತಕ್ಕ ಜಾಗ. ಮಲೆನಾಡಿನ ದಟ್ಟ ಮಳೆಕಾಡಿನಲ್ಲಿ ಹುಡುಕಿ ಫಲವಿಲ್ಲ. ಫೆಬ್ರವರಿ ಕೊನೆ, ಮಾರ್ಚ್ ತಿಂಗಳಲ್ಲಿ ಹೂ ಬಿಟ್ಟ ಮುತ್ತುಗದ ಹತ್ತಿರ ಬೆಳಗಿನ ಹೊತ್ತು ನಿಂತರೆ ಅಲೆದಾಟ ಉಳಿಯುತ್ತದೆ. ಆಗ ಮರದಲ್ಲಿ ಎಲೆಯಿರುವುದಿಲ್ಲ, ಗಂಡಿನ ಕೊಕ್ಕು ಕಪ್ಪಾಗತೊಡಗಿರುತ್ತದೆ, ಹಕ್ಕಿಯೂ ಹೂವಿನಲ್ಲಿ ಮುಳುಗಿ ತುಸು ಹತ್ತಿರ ಬಿಟ್ಟುಕೊಳ್ಳುತ್ತದೆ.