15 ಸರ್ವರ್‌ಗೆ ಒಂದೇ ಲಾಗಿನ್: ವಿಸೆಂಟರ್ 'ಲಿಂಕ್ಡ್ ಮೋಡ್' ಎಂದರೇನು? ಅನುಕೂಲವೇನು, ಅಪಾಯವೇನು?

ಮುಂಬೈನಲ್ಲಿ ಮುಖ್ಯ ಡೇಟಾ ಸೆಂಟರ್, ಹೈದರಾಬಾದ್‌ನಲ್ಲಿ ತುರ್ತು ಸಂದರ್ಭಕ್ಕೆಂದು ಇಟ್ಟ ಬದಲಿ ಕೇಂದ್ರ, ಪುಣೆಯಲ್ಲಿ ಟೆಸ್ಟಿಂಗ್ ಲ್ಯಾಬ್. ದೊಡ್ಡ ಕಂಪನಿಗಳ ಐಟಿ ವ್ಯವಸ್ಥೆ ಹೀಗೆ ಹಲವು ಊರುಗಳಲ್ಲಿ ಹರಡಿಕೊಂಡಿರುವುದು ಸಾಮಾನ್ಯ. ಒಂದೊಂದು ಊರಿಗೂ ಒಂದೊಂದು ನಿರ್ವಹಣಾ ಸರ್ವರ್ ಇದ್ದರೆ ಒಂದೊಂದಕ್ಕೂ ಪ್ರತ್ಯೇಕ ಲಾಗಿನ್, ಪ್ರತ್ಯೇಕ ಪಾಸ್‌ವರ್ಡ್. ಈ ತಾಪತ್ರಯ ತಪ್ಪಿಸಲು ವಿಎಂವೇರ್ ಕೊಟ್ಟ ಸೌಲಭ್ಯವೇ 'ಲಿಂಕ್ಡ್ ಮೋಡ್'. ಆದರೆ ಲಾಗಿನ್ ಒಂದಾದಾಗ ಅಪಾಯವೂ ಒಂದಾಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

ವಿಸೆಂಟರ್ ಮಾಡುವ ಕೆಲಸವೇನು?

ಒಂದು ದೊಡ್ಡ ಸರ್ವರ್‌ನೊಳಗೆ ಹಲವು ವರ್ಚುವಲ್ ಮಷಿನ್‌ಗಳನ್ನು, ಅಂದರೆ ವಿಎಂಗಳನ್ನು ನಡೆಸುವುದೇ ವರ್ಚುವಲೈಸೇಶನ್. ವಿಎಂವೇರ್‌ನಲ್ಲಿ ಈ ಕೆಲಸ ಮಾಡುವ ಸಾಫ್ಟ್‌ವೇರ್ ಇಎಸ್‌ಎಕ್ಸ್‌ಐ. ಇದನ್ನು ಹಾಕಿರುವ ಸರ್ವರ್‌ಗೆ 'ಹೋಸ್ಟ್' ಎನ್ನುತ್ತಾರೆ. ಹತ್ತಾರು, ನೂರಾರು ಹೋಸ್ಟ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸುವುದು ವಿಸೆಂಟರ್ ಸರ್ವರ್.

7.0 ಆವೃತ್ತಿಯಲ್ಲಿ ಒಂದು ವಿಸೆಂಟರ್ ಗರಿಷ್ಠ 2,500 ಹೋಸ್ಟ್‌ಗಳನ್ನು ನಿಭಾಯಿಸಬಲ್ಲದು. ಆದರೂ ಊರು ಬೇರೆಯಾದಾಗ, ವಿಭಾಗ ಬೇರೆಯಾದಾಗ ಅಥವಾ ಬದಲಿ ಕೇಂದ್ರ ಸ್ವತಂತ್ರವಾಗಿ ನಿಲ್ಲಬೇಕಾದಾಗ ಪ್ರತ್ಯೇಕ ವಿಸೆಂಟರ್ ಬೇಕೇ ಬೇಕು.

ಲಿಂಕ್ ಮಾಡಿದರೆ ಏನಾಗುತ್ತದೆ?

ಲಿಂಕ್ ಆದ ಯಾವುದೇ ಒಂದು ವಿಸೆಂಟರ್‌ಗೆ ಲಾಗಿನ್ ಆದರೂ ಉಳಿದವುಗಳ ಹೋಸ್ಟ್, ವಿಎಂಗಳೆಲ್ಲ ಅದೇ ಪರದೆಯ ಮೇಲೆ ಕಾಣುತ್ತವೆ. ಯಾವ ವಿಎಂ ಎಲ್ಲಿದೆ ಎಂದು ಒಂದೇ ಕಡೆ ಹುಡುಕಬಹುದು. ಬಳಕೆದಾರರ ಪಾತ್ರಗಳು, ಎಲ್ಲ ಕಡೆಗೂ ಅನ್ವಯಿಸುವ ಅನುಮತಿಗಳು, ಲೈಸೆನ್ಸ್ ಮತ್ತು ಟ್ಯಾಗ್‌ಗಳನ್ನು ಒಂದು ಕಡೆ ಬದಲಾಯಿಸಿದರೆ ಉಳಿದ ಕಡೆಗೂ ತಾನಾಗಿ ನಕಲಾಗುತ್ತದೆ. ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆಯೇ ಒಂದು ವಿಸೆಂಟರ್‌ನಿಂದ ಇನ್ನೊಂದಕ್ಕೆ ಸಾಗಿಸುವುದೂ ಸುಲಭ.

ಆದರೆ ವಿಎಂಗಳ ಪಟ್ಟಿ, ಅವುಗಳ ವಿವರ ಇರುವ ಡೇಟಾಬೇಸ್ ನಕಲಾಗುವುದಿಲ್ಲ. ಅದು ಆಯಾ ವಿಸೆಂಟರ್‌ನಲ್ಲೇ ಇರುತ್ತದೆ. ಮುಂಬೈನ ವಿಸೆಂಟರ್ ಕೆಟ್ಟರೆ ಹೈದರಾಬಾದ್‌ನ ವಿಸೆಂಟರ್ ಅದರ ಹೊಣೆ ಹೊರುವುದಿಲ್ಲ. ಮುಂಬೈನ ವಿಎಂಗಳು ಎಂದಿನಂತೆ ಓಡುತ್ತಲೇ ಇರುತ್ತವೆ. ಆದರೆ ಹೈದರಾಬಾದ್‌ನ ಪರದೆಯಿಂದ ಅವನ್ನು ನಿಭಾಯಿಸಲಾಗದು. ಅಂದರೆ ಲಿಂಕ್ಡ್ ಮೋಡ್ ಬ್ಯಾಕಪ್ ಅಲ್ಲ, ಬದಲಿ ವ್ಯವಸ್ಥೆಯೂ ಅಲ್ಲ.

ಬೆಳೆದು ಬಂದ ದಾರಿ

2009: ವಿಸ್ಫಿಯರ್ 4ರ ಜತೆ ಲಿಂಕ್ಡ್ ಮೋಡ್ ಬಂತು. ಮಾಹಿತಿ ಹಂಚಿಕೊಳ್ಳಲು ಮೈಕ್ರೋಸಾಫ್ಟ್‌ನ ಡೈರೆಕ್ಟರಿ ತಂತ್ರಜ್ಞಾನ ಬಳಸುತ್ತಿದ್ದ ಕಾರಣ ವಿಂಡೋಸ್ ಮೇಲಿನ ವಿಸೆಂಟರ್‌ಗೆ ಮಾತ್ರ ಇದು ಸಿಗುತ್ತಿತ್ತು.

2015: ವಿಸ್ಫಿಯರ್ 6.0ರಲ್ಲಿ 'ಎನ್‌ಹ್ಯಾನ್ಸ್‌ಡ್ ಲಿಂಕ್ಡ್ ಮೋಡ್' ಬಂತು. ವಿಎಂವೇರ್ ತನ್ನದೇ ಡೈರೆಕ್ಟರಿ ಸೇವೆ ಬಳಸಿದ್ದರಿಂದ ವಿಂಡೋಸ್ ಹಂಗು ತಪ್ಪಿತು. ಆದರೆ ಲಾಗಿನ್ ಹೊಣೆ ಹೊರುವ 'ಪ್ಲಾಟ್‌ಫಾರ್ಮ್ ಸರ್ವೀಸಸ್ ಕಂಟ್ರೋಲರ್' ಎಂಬ ಭಾಗವನ್ನು ಪ್ರತ್ಯೇಕ ಮಷಿನ್‌ನಲ್ಲಿ ಇಡಬೇಕಿತ್ತು.

2018: 6.7 ಆವೃತ್ತಿಯಲ್ಲಿ ಆ ಭಾಗ ವಿಸೆಂಟರ್‌ನೊಳಗೇ ಇದ್ದರೂ ಲಿಂಕ್ ಮಾಡಲು ಸಾಧ್ಯವಾಯಿತು.

2020: 7.0ರಲ್ಲಿ ಪ್ರತ್ಯೇಕ ಕಂಟ್ರೋಲರ್ ಪದ್ಧತಿಯನ್ನೇ ಕೈಬಿಡಲಾಯಿತು. ವಿಂಡೋಸ್ ಮೇಲಿನ ವಿಸೆಂಟರ್ ಕೂಡ ನಿಂತಿತು. 7.0ರಲ್ಲಿ ಗರಿಷ್ಠ 15 ವಿಸೆಂಟರ್‌ಗಳನ್ನು ಲಿಂಕ್ ಮಾಡಬಹುದು.

ಲಿಂಕ್ ಮಾಡುವುದು ಹೇಗೆ?

ಎಲ್ಲ ವಿಸೆಂಟರ್‌ಗಳೂ ಒಂದೇ 'ಸಿಂಗಲ್ ಸೈನ್ ಆನ್' ಡೊಮೇನ್‌ಗೆ ಸೇರಿರಬೇಕು. ಎರಡನೇ ವಿಸೆಂಟರ್ ಇನ್‌ಸ್ಟಾಲ್ ಮಾಡುವಾಗ ಹೊಸ ಡೊಮೇನ್ ಸೃಷ್ಟಿಸುವ ಬದಲು, ಈಗಾಗಲೇ ಇರುವ ಡೊಮೇನ್‌ಗೆ ಸೇರುವ ಆಯ್ಕೆ ಒತ್ತಿದರೆ ಲಿಂಕ್ ಆಗುತ್ತದೆ. ಆಗ ಮರೆತಿದ್ದರೆ 7.0ರಲ್ಲಿ ಕಮಾಂಡ್ ಲೈನ್ ಮೂಲಕ ಒಂದು ಡೊಮೇನ್‌ನಿಂದ ಇನ್ನೊಂದಕ್ಕೆ ಬದಲಿಸಲೂ ಅವಕಾಶವಿದೆ. ಎಲ್ಲ ಸರ್ವರ್‌ಗಳ ಹೆಸರು ಡಿಎನ್‌ಎಸ್‌ನಲ್ಲಿ ಸರಿಯಾಗಿರಬೇಕು, ಗಡಿಯಾರಗಳೂ ಒಂದೇ ಸಮಯ ತೋರಿಸಬೇಕು.

ಹೊಸದಾಗಿ ಸೇರುವ ವಿಸೆಂಟರ್, ಇನ್‌ಸ್ಟಾಲ್ ವೇಳೆ ಯಾವುದರ ಹೆಸರು ಕೊಟ್ಟಿರುತ್ತೇವೋ ಅದರೊಂದಿಗೆ ಮಾತ್ರ ನೇರ ಸಂಪರ್ಕ ಇಟ್ಟುಕೊಳ್ಳುತ್ತದೆ. ಹೀಗೆ ಒಂದರ ಹಿಂದೆ ಒಂದನ್ನು ಸೇರಿಸುತ್ತ ಹೋದರೆ ಸರಪಳಿಯಾಗುತ್ತದೆ. ನಡುವಿನ ಒಂದು ಕೊಂಡಿ ನಿಂತರೂ ಆಚೀಚೆಯವು ಪರಸ್ಪರ ಮಾಹಿತಿ ಹಂಚಿಕೊಳ್ಳಲಾರವು. ಆದ್ದರಿಂದ ಕೊನೆಯದನ್ನು ಮೊದಲನೆಯದಕ್ಕೆ ಜೋಡಿಸಿ ಉಂಗುರದಂತೆ ಮಾಡುವುದು ಒಳ್ಳೆಯದು.

ಅಪಾಯ ಎಲ್ಲಿದೆ?

ಮೊದಲನೆಯದು ಭದ್ರತೆ. ಡೊಮೇನ್‌ನ ಅಡ್ಮಿನಿಸ್ಟ್ರೇಟರ್ ಖಾತೆ ಒಂದೇ ಆಗಿರುವುದರಿಂದ ಅದರ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕರೆ ಒಂದಲ್ಲ, ಎಲ್ಲ ಡೇಟಾ ಸೆಂಟರ್‌ಗಳ ಬಾಗಿಲೂ ತೆರೆದಂತೆ. ವಿಸೆಂಟರ್‌ನಲ್ಲಿ ಗಂಭೀರ ಲೋಪಗಳು ಪತ್ತೆಯಾದ ಉದಾಹರಣೆಗಳಿವೆ. 2021ರ ಫೆಬ್ರವರಿಯಲ್ಲಿ ಮತ್ತು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಲೋಪಗಳ ತೀವ್ರತೆ 10ಕ್ಕೆ 9.8 ಇತ್ತು. 2024ರಲ್ಲಿ ಮೊದಲು ಕೊಟ್ಟ ಪ್ಯಾಚ್ ಲೋಪವನ್ನು ಪೂರ್ತಿ ಸರಿಪಡಿಸದ ಕಾರಣ ಅಕ್ಟೋಬರ್‌ನಲ್ಲಿ ಮತ್ತೊಂದು ಪ್ಯಾಚ್ ನೀಡಬೇಕಾಯಿತು. ಲಿಂಕ್ ಆದ ಗುಂಪಿನಲ್ಲಿ ಪ್ಯಾಚ್ ಹಾಕದ ಒಂದೇ ಒಂದು ವಿಸೆಂಟರ್ ಉಳಿದರೂ ಇಡೀ ಗುಂಪಿಗೆ ಆತಂಕ ತಪ್ಪಿದ್ದಲ್ಲ.

ಎರಡನೆಯದು ಸ್ನ್ಯಾಪ್‌ಶಾಟ್. ಅಪ್‌ಗ್ರೇಡ್‌ಗೆ ಮೊದಲು ಸ್ನ್ಯಾಪ್‌ಶಾಟ್ ತೆಗೆದು, ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವುದು ಅಡ್ಮಿನ್‌ಗಳ ರೂಢಿ. ಲಿಂಕ್ ಆದ ವಿಸೆಂಟರ್‌ಗಳಲ್ಲಿ ಒಂದನ್ನು ಮಾತ್ರ ಹೀಗೆ ಹಿಂದಕ್ಕೆ ಒಯ್ದರೆ, ಉಳಿದವು ಮುಂದೆ ಹೋಗಿರುವುದರಿಂದ ಹೊಂದಾಣಿಕೆ ತಪ್ಪುತ್ತದೆ. ಸ್ನ್ಯಾಪ್‌ಶಾಟ್ ಬೇಕೆಂದರೆ ಗುಂಪಿನ ಎಲ್ಲ ವಿಸೆಂಟರ್‌ಗಳನ್ನೂ ಒಟ್ಟಿಗೆ ಆಫ್ ಮಾಡಿಯೇ ತೆಗೆಯಬೇಕು. ಹಿಂದಕ್ಕೆ ಹೋಗಬೇಕಾದರೂ ಎಲ್ಲವೂ ಒಟ್ಟಿಗೆ ಹೋಗಬೇಕು.

ಮೂರನೆಯದು ಅಪ್‌ಗ್ರೇಡ್. ಬೇರೆ ಬೇರೆ ಆವೃತ್ತಿಯ ವಿಸೆಂಟರ್‌ಗಳು ಅಪ್‌ಗ್ರೇಡ್ ನಡೆಯುವ ಅವಧಿಯಲ್ಲಿ ಮಾತ್ರ ಜತೆಗಿರಬಹುದು. ಒಂದು ಊರಿನ ತಂಡ ತಡಮಾಡಿದರೆ ಉಳಿದ ಊರುಗಳೂ ಕಾಯಬೇಕು.

ಮುಂದೇನು?

2023ರ ನವೆಂಬರ್ 22ರಂದು ವಿಎಂವೇರ್ ಅನ್ನು ಬ್ರಾಡ್‌ಕಾಮ್ ಖರೀದಿಸಿತು. 2025ರ ಜೂನ್‌ನಲ್ಲಿ ಬಂದ ವಿಎಂವೇರ್ ಕ್ಲೌಡ್ ಫೌಂಡೇಶನ್ 9.0ರಲ್ಲಿ ವಿಸೆಂಟರ್‌ಗಳನ್ನು ಒಟ್ಟಿಗೆ ನೋಡಲು 'ವಿಸಿಎಫ್ ಆಪರೇಷನ್ಸ್' ಮೂಲಕ ಹೊಸ ದಾರಿ ಕೊಡಲಾಗಿದೆ. ವಿಎಂ ಸಾಗಿಸುವುದಕ್ಕಷ್ಟೇ ಲಿಂಕ್ ಬೇಕು ಎನ್ನುವವರಿಗೂ ಈಗ ಆ ಅಗತ್ಯವಿಲ್ಲ. 7.0ರ ಮೊದಲ ಅಪ್‌ಡೇಟ್‌ನ ಸಿ ಬಿಡುಗಡೆಯಿಂದಲೇ ಬೇರೆ ಡೊಮೇನ್‌ನ ವಿಸೆಂಟರ್‌ಗೂ ವಿಎಂ ಸಾಗಿಸಬಹುದಾಗಿದೆ.

ಲಿಂಕ್ ಮಾಡುವ ಮುನ್ನ ಇವು ನೆನಪಿರಲಿ

* ಒಂದೇ ತಂಡ ನೋಡಿಕೊಳ್ಳುವ ವಿಸೆಂಟರ್‌ಗಳನ್ನು ಮಾತ್ರ ಲಿಂಕ್ ಮಾಡಿ. ಟೆಸ್ಟಿಂಗ್ ಲ್ಯಾಬ್ ಹೊರಗಿರಲಿ.
* ಪ್ರತಿ ವಿಸೆಂಟರ್‌ಗೂ ಪ್ರತ್ಯೇಕ ಬ್ಯಾಕಪ್ ಇರಲಿ. 6.5ರಿಂದ ಇರುವ ಫೈಲ್ ಆಧಾರಿತ ಬ್ಯಾಕಪ್ ಬಳಸಿ.
* ಡೊಮೇನ್‌ನ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ದಿನನಿತ್ಯದ ಕೆಲಸಕ್ಕೆ ಬಳಸಬೇಡಿ. ಪ್ರತಿಯೊಬ್ಬರಿಗೂ ಅವರವರ ಖಾತೆ, ಕೆಲಸಕ್ಕೆ ತಕ್ಕಷ್ಟೇ ಅನುಮತಿ ಕೊಡಿ.
* ಪ್ಯಾಚ್ ಬಂದರೆ ಗುಂಪಿನ ಎಲ್ಲ ವಿಸೆಂಟರ್‌ಗಳಿಗೂ ಹಾಕುವ ದಿನ ಮೊದಲೇ ಗೊತ್ತುಮಾಡಿ.
* ಬದಲಿ ಕೇಂದ್ರದ ವಿಸೆಂಟರ್ ಒಂಟಿಯಾಗಿಯೂ ಕೆಲಸ ಮಾಡುತ್ತದೆಯೇ ಎಂದು ಆಗಾಗ ಪರೀಕ್ಷಿಸಿ. ಮುಖ್ಯ ಕೇಂದ್ರ ನಿಂತ ದಿನ ನೆರವಿಗೆ ಬರಬೇಕಾದದ್ದು ಅದೇ.