ಉಳುಕಿನ ಮರೆಯ ಮೂಳೆ ಮುರಿತ

ಕಾಲು ಹೊರಳಿ ಬಿದ್ದವರನ್ನು ಎಬ್ಬಿಸಿ ಕೂರಿಸಿದವರು ಮೊದಲು ಕೇಳುವುದು, 'ನಡೆಯಲು ಆಗುತ್ತದೆಯೇ?' ಎಂದು. ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಟ್ಟರೆ 'ಬರೀ ಉಳುಕು, ಮೂಳೆಗೇನೂ ಆಗಿಲ್ಲ' ಎಂಬ ತೀರ್ಮಾನವಾಗಿಬಿಡುತ್ತದೆ. ಇದು ಎಷ್ಟೋ ಸಲ ನಿಜ. ಆದರೆ ಸದಾ ನಿಜವಲ್ಲ ಎಂಬುದನ್ನು ಸ್ವಂತ ಕಾಲಿನ ಅನುಭವದಿಂದಲೇ ತೋರಿಸಿಕೊಟ್ಟವರು ಬ್ರಿಟನ್ನಿನ ಮೂಳೆತಜ್ಞ ರಾಬರ್ಟ್ ಜೋನ್ಸ್.

ಲಿವರ್‌ಪೂಲಿನ ವೈದ್ಯರಾಗಿದ್ದ ಜೋನ್ಸ್ ಒಮ್ಮೆ ನೃತ್ಯ ಮಾಡುತ್ತಿದ್ದಾಗ ಪಾದದ ಹೊರ ಅಂಚಿನ ಮೇಲೆ ಭಾರ ಬಿದ್ದು ಒಳಗೆ ಏನೋ ಕಳಚಿದಂತಾಯಿತು. ಸ್ನಾಯುರಜ್ಜು ಹರಿದಿರಬೇಕೆಂದುಕೊಂಡ ಅವರು ಗೆಳೆಯನ ಆಸರೆಯಲ್ಲಿ ಬಾಡಿಗೆ ಗಾಡಿಯವರೆಗೆ ನಡೆದೇ ಹೋದರು. ಮರುದಿನ ಪರೀಕ್ಷಿಸಿಕೊಂಡಾಗ ರಜ್ಜು ಹರಿದಿರಲಿಲ್ಲ, ಊತವೂ ಅಲ್ಪ. ಮುರಿದ ಮೂಳೆಯ ತುದಿಗಳು ಉಜ್ಜುವ ಕರಕರ ಸದ್ದೂ ಇಲ್ಲ. ಆದರೆ ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿಗೆ ಸೇರುವ ಮೂಳೆಯ ಬುಡದ ಬಳಿ ಬೆರಳೊತ್ತಿದರೆ ಸಹಿಸಲಾಗದ ನೋವು. ಸಹೋದ್ಯೋಗಿಯಿಂದ ಕ್ಷ-ಕಿರಣ ಚಿತ್ರ ತೆಗೆಸಿದಾಗ ಮುರಿತ ಕಾಣಿಸಿತು. ರಂಟ್‌ಜೆನ್ 1895ರಲ್ಲಿ ಕಂಡುಹಿಡಿದ ಈ ಕಿರಣವಿಲ್ಲದಿದ್ದರೆ ಅದೂ ಉಳುಕೆಂದೇ ಉಳಿದುಬಿಡುತ್ತಿತ್ತೇನೋ. 1902ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಮುರಿತಕ್ಕೆ ಇಂದಿಗೂ ಅವರದೇ ಹೆಸರು.

ಆದರೆ ಕ್ಷ-ಕಿರಣವೂ ಹಿಡಿದ ಜಾಗವನ್ನಷ್ಟೇ ತೋರಿಸುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಮೇಸೊನೂವ್ 1840ರಲ್ಲಿ ವಿವರಿಸಿದ ಮುರಿತವೊಂದಿದೆ. ಪಾದ ಹೊರಕ್ಕೆ ತಿರುಚಿದಾಗ ಆ ಬಲ ಕೆಳಗಾಲಿನ ಎರಡು ಮೂಳೆಗಳ ನಡುವಿನ ಬಂಧವನ್ನು ಹರಿಯುತ್ತ ಮೇಲೇರಿ, ಹೊರಬದಿಯ ತೆಳುಮೂಳೆಯನ್ನು ಮೊಣಕಾಲಿನ ಸಮೀಪ ಮುರಿಯುತ್ತದೆ. ನೋವು, ಊತ ಕಾಣುವುದು ಹರಡಿನಲ್ಲಿ. ಮುರಿದಿರುವುದು ಮೊಣಕಾಲಿನ ಕೆಳಗೆ. ಹರಡಿನ ಚಿತ್ರವನ್ನಷ್ಟೇ ತೆಗೆದರೆ ಈ ಮುರಿತ ಚೌಕಟ್ಟಿನ ಆಚೆಯೇ ಉಳಿಯುತ್ತದೆ. ಮೊಣಕಾಲಿನವರೆಗೂ ಮೂಳೆಯನ್ನು ಒತ್ತಿ ನೋಡುವ ವೈದ್ಯರಿಗೆ ಅದು ಸಿಕ್ಕಿಬೀಳುತ್ತದೆ.

ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ಸಮಸ್ಯೆ ತಿರುವುಮುರುವಾಗಿತ್ತು. ಕಾಲು ಉಳುಕಿದವರಿಗೆಲ್ಲ ಚಿತ್ರ ತೆಗೆಯುವುದು ರೂಢಿಯಾಯಿತು. ಹೆಚ್ಚಿನವರಲ್ಲಿ ಮುರಿತ ಇರುತ್ತಿರಲಿಲ್ಲ. ಚಿತ್ರ ಯಾರಿಗೆ ಬೇಕು, ಯಾರಿಗೆ ಬೇಡ? ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇದಕ್ಕೆ ಉತ್ತರ. ಹರಡಿನ ಎರಡೂ ಬದಿಯ ಗಿಣ್ಣುಗಳ ತುದಿ, ಅವುಗಳ ಹಿಂಬದಿಯ ಕೆಳಗಿನ 6 ಸೆಂಟಿಮೀಟರ್, ಪಾದದ ಒಳಬದಿಯ ದೋಣಿಯಾಕಾರದ ಮೂಳೆ, ಜೋನ್ಸ್ ಅವರ ನೋವು ಕಂಡ ಹೊರಬದಿಯ ಮೂಳೆಯ ಬುಡ ಇವುಗಳಲ್ಲಿ ಎಲ್ಲಿ ಒತ್ತಿದರೂ ನೋವಿದ್ದರೆ ಚಿತ್ರ ಬೇಕು. ಪೆಟ್ಟು ಬಿದ್ದ ಕೂಡಲೇ ಹಾಗೂ ಆಸ್ಪತ್ರೆಯಲ್ಲಿ, ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಬೇಕು. ಅಂದರೆ, ನಡೆಯಬಲ್ಲವರಿಗೂ ಮೂಳೆ ಒತ್ತಿದಲ್ಲಿ ನೋವಿದ್ದರೆ ವಿನಾಯಿತಿಯಿಲ್ಲ.

ಈ ನಿಯಮಗಳಿಗೂ ಮಿತಿಯುಂಟು. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರು, ಮದ್ಯದ ಅಮಲಿನಲ್ಲಿರುವವರು, ತಲೆಗೂ ಪೆಟ್ಟಾದವರು ನೋವನ್ನು ಸರಿಯಾಗಿ ಹೇಳಲಾರರು. ಹಿಮ್ಮಡಿಯ ಮೇಲೆ ಕೂತ ಕೀಲುಮೂಳೆಯ ಸಣ್ಣ ಬಿರುಕುಗಳು ಮೊದಲ ಚಿತ್ರದಲ್ಲಿ ಕಾಣದೆ, ಸಿ.ಟಿ. ಸ್ಕ್ಯಾನ್‌ನಲ್ಲಿ ಮಾತ್ರ ಬಯಲಾಗುವುದುಂಟು. ಹೀಗೆ ತಪ್ಪಿಹೋದ ಮುರಿತ ಓರೆಯಾಗಿ ಕೂಡಿಕೊಂಡರೆ ಕೀಲು ಸವೆದು ನೋವು ಶಾಶ್ವತವಾಗಬಹುದು. ಆದ್ದರಿಂದ ದಿನ ಕಳೆದರೂ ಇಳಿಯದ ಉಳುಕನ್ನು ನೀವಿಸಿಕೊಳ್ಳುವ ಮೊದಲು ವೈದ್ಯರಿಗೆ ಮತ್ತೊಮ್ಮೆ ತೋರಿಸುವುದು ಲೇಸು.