ಜಮಾನೋ, ಖರ್ಚೋ? | ಕಣದ ಕಥಿ, ಭಾಗ 6

ನಮ್ಮ ಕಡೆ ಜಾತ್ರಿ ಕುಸ್ತಿ ನೋಡೋ ಹಿರಿಯರು ಹೇಳ್ತಾರ, ಪೈಲ್ವಾನ ಮೂವತ್ತರೊಳಗ ಗಳಿಸಿದ್ದೇ ಗಳಿಕಿ ಅಂತ.

ಈಗ ಬಾಕ್ಸರ್ ಮುಹಮ್ಮದ್ ಅಲಿ ಅವರ ಲೆಕ್ಕ ನೋಡ್ರಿ. ಒಟ್ಟು 61 ಪಂದ್ಯ, 56 ಗೆಲುವು, 5 ಸೋಲು. 22ನೇ ವಯಸ್ಸಿಗೇ ವಿಶ್ವ ಚಾಂಪಿಯನ್. ಆದ್ರ 1967ರ ಮಾರ್ಚ್ 22ರಿಂದ 1970ರ ಅಕ್ಟೋಬರ್ 26ರ ತನಕ ಒಂದೂ ಪಂದ್ಯ ಇಲ್ಲ. ಆಗ ಅವರಿಗೆ 25ರಿಂದ 28. ಮೈಯಾಗ ಕಸುವು ತುಂಬಿದ ವಯಸ್ಸು!

ಆಗಿದ್ದಿಷ್ಟು. 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೈನ್ಯಕ್ಕೆ ಸೇರಲು ಹೆಸರು ಕರೆದರು. ಅಲಿ ಹೆಜ್ಜೆ ಮುಂದಿಡಲಿಲ್ಲ. ವಿಯೆಟ್ನಾಂ ಯುದ್ಧ ನನ್ನ ಧರ್ಮಕ್ಕೆ ಒಪ್ಪಲ್ಲ ಅಂದ್ರು. ಲೈಸೆನ್ಸ್ ಹೋತು, ಪಟ್ಟ ಹೋತು. 5 ವರ್ಷ ಜೈಲು, 10,000 ಡಾಲರ್ ದಂಡ ಅಂತ ತೀರ್ಪಾತು. ಮೇಲ್ಮನವಿ ಇದ್ದುದರಿಂದ ಹೊರಗುಳಿದು, ಕಾಲೇಜುಗಳಲ್ಲಿ ಭಾಷಣ ಮಾಡಿ ದುಡಿದ್ರು.

1971ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ 8-0ಯಿಂದ ಶಿಕ್ಷೆ ರದ್ದು ಮಾಡಿತು. ಆದ್ರ ಹೋದ ವಯಸ್ಸು ಯಾವ ಕೋರ್ಟ್ ಕೊಡತೈತ್ರಿ? 1974ರಲ್ಲಿ ಕಿನ್ಶಾಸಾದಾಗ ಫೋರ್‌ಮನ್ ಎದುರು ನಿಂತಾಗ ಅಲಿಗೆ 32. ಕಾಲಾಗ ಮೊದಲಿನ ಓಟ ಇರಲಿಲ್ಲ. ಹಗ್ಗಕ್ಕೆ ಒರಗಿ ಏಟು ತಿಂದ್ರು, ಅವನನ್ನ ದಣಿಸಿ 8ನೇ ಸುತ್ತಿನಾಗ ಕೆಡವಿ ಪಟ್ಟ ಮತ್ತ ಗೆದ್ರು.

ನಾನು ಬಿ.ಕಾಂ. ಓದಾಂವ. ಆ ಖಾಲಿ ಮೂರೂವರೆ ವರ್ಷ ಖರ್ಚಿಗೆ ಬರೀಬೇಕೋ, ಜಮಾಕ್ಕೋ? ನಾನಂತೂ ಜಮಾಕ್ಕ ಬರದೀನಿ. ನೀವು? ಕಾಮೆಂಟ್‌ನಾಗ ಹೇಳ್ರಿ.

#ಕಣದಕಥಿ #ನಿಡೋಣಿ #ವಿಜಯಪುರ